ದಣಿವು ದೂರದವರ ಕಾಯಿಲೆ

ಯೆಹೂದಿಗಳ ವಾರದ ವಿಶ್ರಾಂತಿ ದಿನ ಶಬ್ಬಾತು ಬಂತೆಂದು ಶುಕ್ರವಾರ ಸಂಜೆಯ ಸೈರನ್ ಕೂಗಿ ನಿಂತಿತ್ತು. ಪೆನಿನಾ ಊಟದ ಮೇಜಿನ ಹತ್ತಿರ ದೀಪಗಳ ಮುಂದೆ ಕಣ್ಣು ಮುಚ್ಚಿ ನಿಂತಿದ್ದಳು. ಅವಳ ಗಂಡ ನಫ್ತಾಲಿ ಗ್ರೂನರ್ ಮಾತ್ರ ಇನ್ನೂ ಕಂಪ್ಯೂಟರಿನ ಮುಂದೆ ಕೂತು ಕಾಲು ಕುಣಿಸುತ್ತಿದ್ದ. ಹೆಂಗಸರು ದೀಪ ಹಚ್ಚಿದ ಗಳಿಗೆಗೇ ಶಬ್ಬಾತಿನೊಳಗೆ ಸೇರಿಬಿಡುತ್ತಾರೆ. ಗಂಡಸರಿಗೆ ಸೂರ್ಯ ಮುಳುಗುವ ತನಕ ಒಂದಿಷ್ಟು ಸಲಿಗೆಯುಂಟು. ಆ ಸಲಿಗೆಯನ್ನು ಕೊನೆಯ ಹನಿಯವರೆಗೂ ಹಿಂಡಿಕೊಳ್ಳುವುದರಲ್ಲಿ ನಫ್ತಾಲಿಯನ್ನು ಮೀರಿಸುವವರು ಜೆರುಸಲೇಮಿನ ಕತಮೋನ್ ಬಡಾವಣೆಯ ಆ ಬೀದಿಯಲ್ಲಿ ಯಾರೂ ಇರಲಿಲ್ಲ.

"ಇನ್ನೂ ಆಗ್ಲಿಲ್ವಾ ನಿಂದು?" ಪೆನಿನಾ ಕಣ್ಣು ತೆರೆದವಳೇ ಬಾಗಿಲಿಗೆ ಬಂದಳು. "ಸ್ನಾನ ಇಲ್ಲ, ಬಟ್ಟೆ ಇಲ್ಲ. ಅಮೆರಿಕಾ ಉದ್ಧಾರ ಆಗೋಷ್ಟರಲ್ಲಿ ಇಲ್ಲಿ ಸೂರ್ಯ ಮುಳುಗಿರ್ತಾನೆ."

"ಒಂದೇ ಒಂದು ಪ್ಯಾರಾ."

"ಒಂದು ಪ್ಯಾರಾ ಅಂತ ಮಧ್ಯಾಹ್ನದಿಂದ ಕೇಳ್ತಿದ್ದೀನಿ."

ಪ್ರತಿ ವಾರ ಇದೇ ಗೋಳು. ನಫ್ತಾಲಿಯ ಅಂಕಣ ಪ್ರಕಟವಾಗುತ್ತಿದ್ದದ್ದು ಅಮೆರಿಕದ ಒಕ್ಲಹೋಮಾದಿಂದ ನಡೆಯುವ ಒಂದು ಸುದ್ದಿ ತಾಣದಲ್ಲಿ. ಅದರ ಸಂಪಾದಕ ಡ್ವೈಟ್ ಎಂಬ ದೈವಭಕ್ತ ಕ್ರೈಸ್ತ. ಶನಿವಾರ ಅಲ್ಲಿ ಬೆಳಗಿನ ಏಳು ಹೊಡೆದಾಗ ಅಂಕಣ ತಾನಾಗಿ ಪ್ರಕಟವಾಗುವಂತೆ ಅವನು ಮೊದಲೇ ಹೊಂದಿಸಿಡುತ್ತಿದ್ದ. ಕಾಫಿ ಕುಡಿಯುತ್ತ ಓದಿದ ಪಾದ್ರಿಗಳು ಮರುದಿನ ಚರ್ಚಿನಲ್ಲಿ ಅದೇ ಮಾತುಗಳನ್ನು ಪ್ರಸಂಗದಲ್ಲಿ ಸೇರಿಸಿಕೊಳ್ಳುತ್ತಿದ್ದರು. ಓಹಿಯೋದಲ್ಲಿ ಹುಟ್ಟಿ, ಪ್ರಾಯದಲ್ಲಿ ಜೆರುಸಲೇಮಿಗೆ ಬಂದು ನೆಲೆಸಿದ ನಫ್ತಾಲಿಗೆ ಇದರ ಬಗ್ಗೆ ಹೆಮ್ಮೆಯಿತ್ತು. ಅವನು ಸುಳ್ಳು ಬರೆಯುವ ಮನುಷ್ಯನಲ್ಲ. ತನ್ನ ಊರಿಗೆ ಅನ್ಯಾಯವಾಗುತ್ತಿದೆ, ಅದನ್ನು ಹೇಳುವವರು ಕಡಿಮೆ, ನಾನಾದರೂ ಹೇಳಬೇಕು ಎಂದು ನಿಜವಾಗಿಯೂ ನಂಬಿದ್ದವನು.

ಈ ವಾರದ್ದು ವಾಷಿಂಗ್ಟನ್ನಿನ ಬಗ್ಗೆ. ಅಲ್ಲಿನ ದೊಡ್ಡವರೆಲ್ಲ ಈಚೆಗೆ ಒಂದೇ ಪದ ಹಿಡಿದುಕೊಂಡಿದ್ದರು: ದಣಿವು. ಜನ ದಣಿದಿದ್ದಾರೆ, ಯುದ್ಧದ ಎರಡೂ ಕಡೆಯವರು ದಣಿದಿದ್ದಾರೆ, ಇನ್ನು ಸಾಕು, ಒಪ್ಪಂದಕ್ಕೆ ಸಹಿ ಹಾಕಿ. ಟೆಹರಾನಿನವರು ದಣಿದಿದ್ದಾರೆಯೇ ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಇದನ್ನು ನೋಡಿ ನಫ್ತಾಲಿಗೆ ಮೈ ಉರಿದಿತ್ತು. ರಾಕೆಟ್ಟು ಬೀಳುವ ಊರಿನಲ್ಲಿ ಮನೆಯಿಲ್ಲದವರು ನಮ್ಮ ಪರವಾಗಿ ಸುಸ್ತಾಗುವುದು ಬೇಡ ಎಂದು ಬರೆದಿದ್ದ. ಶೀರ್ಷಿಕೆಯೂ ಚೆನ್ನಾಗಿ ಒದಗಿತ್ತು: 'ದಣಿವು ದೂರದವರ ಕಾಯಿಲೆ'. ಎಲ್ಲ ಇತ್ತು. ಮುಗಿಸುವುದಕ್ಕೆ ಒಂದು ಮುಖ ಇರಲಿಲ್ಲ.

ಮುಖ ಅವನ ಮೇಜಿನ ಮೇಲೆಯೇ ಇತ್ತು. ಅಳಿಯ ಎಲಿಶಾ ಟ್ಯಾಂಕಿನ ಮೇಲೆ ಕೂತು ಹಲ್ಲು ಬಿಡುತ್ತಿರುವ ಫೋಟೋ. ಊರಿನಲ್ಲಿ ಅವನು ಭೂಗೋಳದ ಮೇಷ್ಟ್ರು. ಸೈನ್ಯ ಕರೆದಾಗಲೆಲ್ಲ ಟ್ಯಾಂಕಿನ ಕಮಾಂಡರ್. ಮೂರು ಸಲ ಹೋಗಿಬಂದಿದ್ದ, ಈಗ ನಾಲ್ಕನೆಯ ಸರದಿಗೆ ಕರೆ ಬಂದಿತ್ತು. ಹಿಂದೊಮ್ಮೆ ನಫ್ತಾಲಿ ಇದೇ ಫೋಟೋ ಹಾಕಿ ಅಂಕಣ ಬರೆದಾಗ ಯಾರೋ ಅದನ್ನು ಹೀಬ್ರೂಗೆ ತಿರುಗಿಸಿ ಎಲಿಶಾನ ತುಕಡಿಯ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಹುಡುಗರು ವಾರಗಟ್ಟಲೆ ಅವನನ್ನು 'ಒಕ್ಲಹೋಮಾದ ಸಿಂಹ' ಎಂದು ಕರೆದು ಗೋಳುಹೊಯ್ದುಕೊಂಡಿದ್ದರು. ಮಗಳು ಅವಿತಾಲ್ ಆಗಲೇ ಅಪ್ಪನಿಂದ ಮಾತು ತೆಗೆದುಕೊಂಡಿದ್ದಳು. ಇನ್ನು ಮುಂದೆ ಅವನ ಹೆಸರು ಬರೆಯಕೂಡದು.

ಕಿಟಕಿಯಾಚೆ ಬೆಳಕು ಕೆಂಪಾಗುತ್ತಿತ್ತು. ಕೆಲ ವಾರಗಳ ಹಿಂದೆ ಫೋನಿನಲ್ಲಿ "ಸುಸ್ತಾಗಿದೆಯೇನಯ್ಯಾ?" ಎಂದು ಕೇಳಿದ್ದಕ್ಕೆ ಎಲಿಶಾ ನಕ್ಕಿದ್ದ. ಬರೀ ನಗು, ಮಾತಿಲ್ಲ. ನಫ್ತಾಲಿಗೆ ಆ ನಗು ನೆನಪಾಯಿತು. ನಾಲ್ಕನೆಯ ಸಲ ಸಮವಸ್ತ್ರ ತೊಡಲು ಹೊರಟಿರುವ ನನ್ನ ಅಳಿಯ ಎಲಿಶಾನನ್ನು ದಣಿದಿದ್ದೀಯಾ ಎಂದು ಕೇಳಿದೆ, ಅವನು ಬಿದ್ದು ಬಿದ್ದು ನಕ್ಕ, ಅವನ ಟ್ಯಾಂಕಿನಲ್ಲಿರುವ ನಾಲ್ವರಿಗೂ ಆ ಪದದ ಅರ್ಥವೇ ಗೊತ್ತಿಲ್ಲ, ವಾಷಿಂಗ್ಟನ್ನಿಗೆ ಇದೇ ಅವನ ಉತ್ತರ. ಹೀಗೆ ಬರೆಯುತ್ತ ಬೆರಳುಗಳು ತಾವಾಗಿ ಓಡಿದವು. ಫೋಟೋವನ್ನೂ ಸೇರಿಸಿ ಕಳಿಸಿದ. ಡ್ವೈಟ್‌ನಿಂದ ಒಡನೆಯೇ ಉತ್ತರ ಬಂತು: 'ಬ್ರದರ್, ಕಣ್ಣಲ್ಲಿ ನೀರು ಬಂತು. ನಾಳೆ ಏಳಕ್ಕೆ.' ನಫ್ತಾಲಿ ಫೋನು ಆರಿಸಿ ಡ್ರಾಯರಿಗೆ ಹಾಕಿ ಸ್ನಾನಕ್ಕೆ ಓಡಿದ. ಇನ್ನು ಮರುದಿನ ನಕ್ಷತ್ರ ಮೂಡುವವರೆಗೆ ಆ ಮನೆಯಲ್ಲಿ ಯಾರೂ ಸ್ವಿಚ್ಚು ಮುಟ್ಟುವಂತಿಲ್ಲ, ಪೆನ್ನು ಹಿಡಿಯುವಂತಿಲ್ಲ, ಫೋನು ಎತ್ತುವಂತಿಲ್ಲ.

ಅವನು ಒದ್ದೆ ತಲೆಯಲ್ಲೇ ಹೊರಗೆ ಬಂದಾಗ ಬಾಗಿಲಲ್ಲಿ ಮಗಳು, ಅಳಿಯ, ಮೊಮ್ಮಗಳು ನೋಗಾ ನಿಂತಿದ್ದರು.

"ಬರಲ್ಲ ಅಂದಿದ್ರಲ್ಲ!" ಪೆನಿನಾ ಮಗುವನ್ನು ಎತ್ತಿಕೊಂಡಳು.

"ಕೊನೇ ಗಳಿಗೇಲಿ ಹೊರಟ್ವಿ. ನಿನ್ನ ಹತ್ರ ಊಟ ಇದೆ ಅಂತ ಗೊತ್ತಿತ್ತು," ಎಂದಳು ಅವಿತಾಲ್. ಅವಳ ದನಿಯಲ್ಲಿ ಏನೋ ಹೆಚ್ಚುಕಮ್ಮಿಯಿತ್ತು.

ಪ್ರಾರ್ಥನಾಮಂದಿರವಾದ ಸಿನಗಾಗಿನಲ್ಲಿ ಎಲಿಶಾ ಮಾವನ ಪಕ್ಕದಲ್ಲೇ ಕೂತ. ಎಲ್ಲರೂ ಎದ್ದು ನಿಂತು ಶಬ್ಬಾತನ್ನು ಮದುಮಗಳಂತೆ ಹಾಡಿ ಬರಮಾಡಿಕೊಳ್ಳುವಾಗ ಅವನ ತುಟಿ ಅಲುಗಲಿಲ್ಲ. ಮೊದಲೆಲ್ಲ ಅವನ ಗಂಟಲು ಇಡೀ ಸಾಲಿಗೆ ಕೇಳುತ್ತಿತ್ತು. ಪ್ರಯಾಣದ ಆಯಾಸವಿರಬೇಕು ಎಂದುಕೊಂಡ ನಫ್ತಾಲಿ, ಹಾಗೆ ಅಂದುಕೊಂಡ ಪದಕ್ಕೆ ತಾನೇ ಸ್ವಲ್ಪ ಕಸಿವಿಸಿಗೊಂಡ.

ಮನೆಗೆ ಬಂದು, ದ್ರಾಕ್ಷಾರಸದ ಬಟ್ಟಲು ಹಿಡಿದು ಆಶೀರ್ವಾದ ಹೇಳಿ, ಎಲ್ಲರೂ ಕೂತರು. ಪೆನಿನಾ ಅಳಿಯನಿಗೆ ಸೂಪು ಬಡಿಸಿದಳು. ಎಲಿಶಾ ಮಗಳ ಲೋಟಕ್ಕೆ ದ್ರಾಕ್ಷಿರಸ ಬಗ್ಗಿಸಲು ಹೋದ. ಸೀಸೆಯ ಬಾಯಿ ಲೋಟದ ಅಂಚಿಗೆ ಟಕಟಕ ಬಡಿಯಿತು, ರಸ ಬಿಳಿ ಮೇಜುಬಟ್ಟೆಯ ಮೇಲೆಲ್ಲ ಹರಿಯಿತು. ಅವಿತಾಲ್ ಮಾತಿಲ್ಲದೆ ಎದ್ದು ಒರೆಸಿದಳು. ಈ ಕೆಲಸ ಅವಳಿಗೆ ರೂಢಿಯಾದಂತಿತ್ತು.

"ಮೂರು ತಿಂಗಳಿಂದ ಹೀಗೆ," ಎಂದ ಎಲಿಶಾ ತನ್ನ ಕೈಯನ್ನು ನೋಡಿಕೊಳ್ಳುತ್ತ, ಯಾರದೋ ಕೈಯ ಬಗ್ಗೆ ಹೇಳುವಂತೆ. "ನಿಮಗೂ ಹೇಳ್ಬೇಕಿತ್ತು. ಈ ಸಲ ನಾನು ಹೋಗ್ತಿಲ್ಲ. ಗುರುವಾರ ತುಕಡಿ ನಾಯಕರ ಹತ್ರ ಹೋಗಿ ಹೇಳ್ದೆ, ಈ ಸರದಿಗೆ ನನ್ನ ಬಿಟ್ಬಿಡಿ ಅಂತ."

ನಫ್ತಾಲಿಯ ಬಾಯಿಂದ ಮೊದಲು ಹೊರಟದ್ದು ಅಂಕಣಕಾರನ ಮಾತು. "ಅಂದ್ರೆ? ಯುದ್ಧನೇ ಬೇಡ ಅಂತಿದ್ದೀಯಾ?"

"ಅಪ್ಪ!" ಎಂದಳು ಅವಿತಾಲ್.

"ಇರ್ಲಿ ಬಿಡು. ಇಲ್ಲ ಮಾವ. ಯುದ್ಧ ಬೇಕೋ ಬೇಡ್ವೋ ಅದು ನಿಮ್ಮ ಡಿಪಾರ್ಟ್‌ಮೆಂಟು. ನೀವು ಬರೆಯೋದ್ರಲ್ಲಿ ಮುಕ್ಕಾಲುಪಾಲು ನಾನೂ ಒಪ್ತೀನಿ. ನಾನು ನನ್ನ ಕೈ ವಿಷಯ ಹೇಳ್ತಿದ್ದೀನಿ." ಎಲಿಶಾ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡ. "ಕಳೆದ ಸಲ ಒಂದು ದಿನ, ಹಿಂದೆ ತಗೋ ಅಂತ ಡ್ರೈವರಿಗೆ ಹೇಳ್ಬೇಕಿತ್ತು. ಕಾಣಿಸ್ತಿತ್ತು, ಬಾಯಿ ಬರ್ಲಿಲ್ಲ. ಹಿಂದೆ ಕೂತಿದ್ದ ಹುಡುಗ ಕಿರುಚಿದ, ಬಚಾವಾದ್ವಿ. ಏನೂ ಆಗ್ಲಿಲ್ಲ. ಮುಂದಿನ ಸಲ ಆಗುತ್ತೆ. ನನ್ನ ಜೊತೆ ಇನ್ನೂ ಮೂರು ಜನ ಇರ್ತಾರೆ ಅದರೊಳಗೆ."

"ನಾಯಕರು ಏನಂದ್ರು?" ಪೆನಿನಾ ಮೆಲ್ಲಗೆ ಕೇಳಿದಳು.

"ಒಳ್ಳೆ ಮನುಷ್ಯ. ಸರಿ ಅಂದ್ರು. ಆದ್ರೆ ಸೋಮವಾರ ಬಂದು ನಿನ್ನ ಹುಡುಗರಿಗೆ ನೀನೇ ಹೇಳು, ಬೇರೆಯವರ ಬಾಯಿಂದ ಗೊತ್ತಾಗೋದು ಬೇಡ ಅಂದ್ರು. ಅದೇ ಕಷ್ಟ. ಅವರ ಮುಖ ನೋಡಿ ಹೇಳೋದು. ನಿನ್ನೆಯಿಂದ ಕನ್ನಡಿ ಮುಂದೆ ನಿಂತು ಪ್ರಾಕ್ಟೀಸ್ ಮಾಡ್ತಿದ್ದೀನಿ, ನಾಟಕಕ್ಕೆ ಹೋಗೋನ ಥರ."

ನಫ್ತಾಲಿ ಚಮಚ ಕೆಳಗಿಟ್ಟು ಓದುವ ಕೋಣೆಯತ್ತ ನೋಡಿದ. ಅವಿತಾಲ್ ಅವನನ್ನೇ ನೋಡುತ್ತಿದ್ದಳು. ಅವಳಿಗೆ ಅಪ್ಪನ ಮುಖ ಚಿಕ್ಕಂದಿನಿಂದ ಬಾಯಿಪಾಠ.

"ಅಪ್ಪ, ನೀನು ಇವನ ಬಗ್ಗೆ ಏನೂ ಬರೆದಿಲ್ಲ ತಾನೆ?"

"ಈ ವಾರ ವಾಷಿಂಗ್ಟನ್ ಬಗ್ಗೆ ಬರೆದೆ," ಎಂದ ನಫ್ತಾಲಿ.

ಅದು ಸುಳ್ಳಲ್ಲ. ಆದರೆ ಅದನ್ನು ಹೇಳಿದ ಮೇಲೆ ಅವನಿಗೆ ಕೋಳಿಯ ರುಚಿಯೂ ತಿಳಿಯಲಿಲ್ಲ, ಹಾಡಿನ ಸಾಲುಗಳೂ ನೆನಪಾಗಲಿಲ್ಲ. ಎದ್ದು ನೀರು ಕುಡಿದ, ಕೂತ, ಮತ್ತೆ ಎದ್ದ. ಆಗಲೇ ಒಪ್ಪಿಕೊಂಡುಬಿಡಬಹುದಿತ್ತು. ಇಡೀ ಭೂಮಂಡಲದ ಹೇಡಿಗಳನ್ನು ವಾರವಾರ ಬಯ್ಯುವ ಮನುಷ್ಯನಿಗೆ ತನ್ನ ಮನೆಯ ಮೇಜಿನ ಮುಂದೆ ಬಾಯಿ ಬರಲಿಲ್ಲ.

ರಾತ್ರಿಯೆಲ್ಲ ಮಗ್ಗುಲು ಬದಲಿಸಿದ. ಒಕ್ಲಹೋಮಾದ ಬೆಳಗಿನ ಏಳು ಎಂದರೆ ಇಲ್ಲಿ ಮಧ್ಯಾಹ್ನದ ಮೂರು. ಇಲ್ಲಿ ನಕ್ಷತ್ರ ಮೂಡುವುದು ಐದು ದಾಟಿದ ಮೇಲೆ. ನಡುವಿನ ಆ ಎರಡು ಗಂಟೆಯನ್ನು ಹೇಗೆ ಎಳೆದರೂ ಕುಗ್ಗಿಸಲಾಗುವುದಿಲ್ಲ. ಆ ಎರಡು ಗಂಟೆಯೊಳಗೆ ಅಂಕಣ ಅಮೆರಿಕ ಸುತ್ತಿ, ಹೀಬ್ರೂ ಉಟ್ಟುಕೊಂಡು, ಎಲಿಶಾನ ಹುಡುಗರ ಫೋನುಗಳಲ್ಲಿ ಇಳಿದಿರುತ್ತದೆ. ಅವರೆಲ್ಲ ಶಬ್ಬಾತು ಆಚರಿಸುವವರೇನಲ್ಲ. ಸೋಮವಾರ ಎಲಿಶಾ ಅವರೆದುರು ನಿಂತಾಗ ಅವರ ಕೈಯಲ್ಲಿ ಅವನ ನಗುವ ಫೋಟೋ ಇರುತ್ತದೆ.

ಬೆಳಗಿನ ಪ್ರಾರ್ಥನೆ ಮುಗಿದು, ಸಿನಗಾಗಿನ ಅಂಗಳದಲ್ಲಿ ಕೇಕು, ಉಪ್ಪುಮೀನು ಹಂಚುವಾಗ ನಿವೃತ್ತ ದಂತವೈದ್ಯ ಮೆಂಡೆಲ್ ಅವನ ಭುಜ ತಟ್ಟಿದ.

"ಏನು ಗ್ರೂನರ್, ಈ ವಾರ ಯಾರಿಗೆ ಬೆಂಕಿ ಇಟ್ಟೆ?"

"ವಾಷಿಂಗ್ಟನ್ನಿಗೆ."

"ಭೇಷ್! ಹಾಕು ಇನ್ನೆರಡು ಏಟು. ಕೈ ಬಿಗಿ ಮಾಡ್ಬೇಡ ನೋಡು. ನನ್ನ ತಮ್ಮ ಫ್ಲಾರಿಡಾದಲ್ಲಿ ನಿಂದು ಓದದೆ ಹಲ್ಲೂ ಉಜ್ಜಲ್ಲ."

ನಫ್ತಾಲಿ ಧರ್ಮಗುರು ರಬ್ಬಿಯನ್ನು ಕಣ್ಣಲ್ಲೇ ಹುಡುಕಿದ. ಕೇಳಬಹುದಿತ್ತು. ಆದರೆ ಉತ್ತರ ಅವನಿಗೇ ಗೊತ್ತು: ಜೀವ ಉಳಿಸುವುದಕ್ಕಾದರೆ ಶಬ್ಬಾತು ಮುರಿಯಬಹುದು, ಮುರಿಯಲೇಬೇಕು. ಮರ್ಯಾದೆ ಉಳಿಸುವುದಕ್ಕೆ? ಅಳಿಯನ ಮರ್ಯಾದೆಗೋ, ಮಾವನ ಮರ್ಯಾದೆಗೋ ಎಂದು ರಬ್ಬಿ ತಿರುಗಿ ಕೇಳಿದರೆ? ಅವನು ಟೋಪಿ ಸರಿಮಾಡಿಕೊಂಡು ಮನೆಗೆ ನಡೆದ.

ಮಧ್ಯಾಹ್ನ, ರಾತ್ರಿಯಿಡೀ ಬಿಸಿತಟ್ಟೆಯ ಮೇಲೆ ಬೆಂದ ಮಾಂಸ ಬಾರ್ಲಿಯ ಚೋಲೆಂತ್ ಉಂಡು ಎಲ್ಲರೂ ಮಲಗಿದರು. ಶನಿವಾರದ ಆ ಹೊತ್ತಿನಲ್ಲಿ ಇಡೀ ಕತಮೋನ್ ಗೊರಕೆ ಹೊಡೆಯುತ್ತದೆ. ನಫ್ತಾಲಿ ಓದುವ ಕೋಣೆಗೆ ಹೋದ, ಡ್ರಾಯರಿನ ಮುಂದೆ ನಿಂತ, ಹೊರಗೆ ಬಂದ. ಗೋಡೆಯ ಗಡಿಯಾರ ಎರಡು ದಾಟಿತ್ತು. ಕೊನೆಗೆ ಚಪ್ಪಲಿ ಮೆಟ್ಟಿ ಮೇಲಿನ ಮಹಡಿಗೆ ಹತ್ತಿದ.

ಅಲ್ಲಿ ಹಾಸಿಗೆ ಹಿಡಿದ ಮುದುಕಿಯೊಬ್ಬಳನ್ನು ನೋಡಿಕೊಳ್ಳಲು ಫಿಲಿಪೀನ್ಸಿನ ಮಾರಿಸೆಲ್ ಇದ್ದಳು. ಯೆಹೂದಿಯಲ್ಲದ ಅವಳಿಗೆ ಶಬ್ಬಾತಿನ ಕಟ್ಟಳೆಯಿಲ್ಲ. ಹಾಗೆಂದು ಅವಳನ್ನು ಕರೆದು 'ದೀಪ ಹಾಕು' ಎಂದು ನೇರವಾಗಿ ಹೇಳುವಂತೆಯೂ ಇಲ್ಲ. ಸನ್ನೆಯಲ್ಲಿ ಸೂಚಿಸಬೇಕು, ಅವಳೇ ತಿಳಿದು ಮಾಡಬೇಕು. ಆ ಕಟ್ಟಡದಲ್ಲಿ ವರ್ಷಗಳಿಂದ ಇದ್ದ ಮಾರಿಸೆಲ್‌ಗೆ ಈ ಆಟ ನೀರು ಕುಡಿದಷ್ಟು ಸಲೀಸು. ಬಾಗಿಲು ತೆರೆದವಳೇ ನಫ್ತಾಲಿಯ ಮುಖ ನೋಡಿ ನಕ್ಕಳು.

"ಏನು ಅಜ್ಜ, ಮನೆ ತಣ್ಣಗಾಯ್ತಾ? ಹೀಟರಾ?"

"ಮನೆ ಬೆಚ್ಚಗಿದೆ."

"ಫ್ಯೂಸ್ ಹೋಯ್ತಾ? ಫ್ರಿಜ್ಜಿನ ದೀಪ ಆರಿಸೋದು ಮರೆತ್ರಾ?"

"ಫ್ರಿಜ್ಜು ಸರಿಯಾಗಿದೆ ಮಾರಿಸೆಲ್." ನಫ್ತಾಲಿ ಗಂಟಲು ಸರಿಮಾಡಿಕೊಂಡ. "ನಮ್ಮನೇಲಿ ಒಂದು ಡ್ರಾಯರಿದೆ. ಅದರಲ್ಲಿ ಒಂದು ಫೋನು ಸುಮ್ಮನೆ ಮಲಗಿದೆ."

"ಮಲಗ್ಲಿ ಬಿಡಿ ಪಾಪ. ಶಬ್ಬಾತಲ್ವಾ?"

"ಅಮೆರಿಕಾದಲ್ಲಿ ಒಬ್ಬ ಮನುಷ್ಯ ಇದ್ದಾನೆ. ಅವನಿಗೆ ಈಗ ಒಂದು ವಿಷಯ ಗೊತ್ತಾದ್ರೆ ಎಷ್ಟು ಚೆನ್ನಾಗಿರ್ತಿತ್ತು."

ಮಾರಿಸೆಲ್ ಹುಬ್ಬು ಗಂಟಿಕ್ಕಿ ಯೋಚಿಸಿದಳು. "ಯಾವ ವಿಷಯ?"

ನಫ್ತಾಲಿ ಅಂಗೈ ಮೇಲೆ ಬೆರಳಲ್ಲಿ ಬರೆದು ಅಳಿಸುವ ಸನ್ನೆ ಮಾಡಿದ. ಒಳಗಿನಿಂದ ಮುದುಕಿ ಏನೋ ಗೊಣಗಿದಳು.

"ಸ್ವಿಚ್ಚಾದ್ರೆ ಸನ್ನೆ ಸಾಕು ಅಜ್ಜ, ನಾನೇ ತಿಳ್ಕೋತೀನಿ. ಮಾತಾಡೋದಾದ್ರೆ ಏನು ಮಾತಾಡ್ಬೇಕು ಅಂತ ನೀವು ಬಾಯಿಬಿಟ್ಟು ಹೇಳ್ಬೇಕು. ಹೇಳಿ, ಈಗ್ಲೇ ಬಂದು ಮಾಡ್ತೀನಿ."

"ಬೇಡಮ್ಮ. ಏನಿಲ್ಲ. ಅಜ್ಜಿ ಕರೀತಿದಾರೆ ನೋಡು," ಎಂದು ನಫ್ತಾಲಿ ತಿರುಗಿದ.

ಮೆಟ್ಟಿಲ ತಿರುವಿನಲ್ಲಿ ಎಲಿಶಾ ಕೂತಿದ್ದ. ಬರಿಗಾಲು, ಮಂಡಿಯ ಮೇಲೆ ಕೈ. ಮೇಲಿನ ಮಾತೆಲ್ಲ ಅವನಿಗೆ ಕೇಳಿಸಿದ್ದಿರಬೇಕು.

"ನಿಮಗೂ ಹಗಲು ನಿದ್ದೆ ಬರಲ್ವಾ ಮಾವ?"

ನಫ್ತಾಲಿ ಕಬ್ಬಿಣದ ಕಂಬಿ ಹಿಡಿದು ಅವನ ಪಕ್ಕದ ಮೆಟ್ಟಿಲ ಮೇಲೆ ಕೂತ. ಇನ್ನು ತಡೆದುಕೊಳ್ಳುವುದಕ್ಕಾಗಲಿಲ್ಲ.

"ನಿನ್ನ ಬಗ್ಗೆ ಬರೆದಿದ್ದೀನಿ," ಎಂದ. "ಹೆಸರು ಹಾಕಿ. ಫೋಟೋನೂ ಇದೆ. ನೀನು ದಣಿದಿಲ್ಲ ಅಂತ ಬರೆದಿದ್ದೀನಿ. ನಿಮ್ಮ ಟ್ಯಾಂಕಲ್ಲಿ ಯಾರಿಗೂ ದಣಿವು ಅಂದ್ರೆ ಏನೂಂತಲೇ ಗೊತ್ತಿಲ್ಲ ಅಂತ. ಕೇಳಿದ್ದಕ್ಕೆ ನೀನು ಬಿದ್ದು ಬಿದ್ದು ನಕ್ಕೆ ಅಂತ. ಮೂರಕ್ಕೆ ಬರುತ್ತೆ. ಇನ್ನು ಅರ್ಧ ಗಂಟೆಯೂ ಇಲ್ಲ."

ಎಲಿಶಾ ನಕ್ಕ.

ಅದೇ ನಗು. ಫೋನಿನಲ್ಲಿ ಕೇಳಿದ್ದೂ ಇದನ್ನೇ. ಈಗ ಹತ್ತಿರದಿಂದ ಮುಖ ಕಾಣುತ್ತಿತ್ತು. ಬಾಯಿ ಮಾತ್ರ ನಗುತ್ತಿತ್ತು, ಹಣೆ ಬಿಗಿದುಕೊಂಡಿತ್ತು, ಕಣ್ಣು ಎಲ್ಲೋ ಗೋಡೆಯ ಮೇಲಿತ್ತು. ಹೊಡೆತ ಬೀಳುವ ಮೊದಲೇ ಹುಡುಗರು ನಗುತ್ತಾರಲ್ಲ, ಹಾಗೆ. ಈ ನಗುವನ್ನು ಅವನು ವಾಷಿಂಗ್ಟನ್ನಿಗೆ ಉತ್ತರವೆಂದು ಕಳಿಸಿದ್ದ.

"ಬಿಡಿ ಮಾವ," ಎಂದ ಎಲಿಶಾ ಕೊನೆಗೆ. "ಶಬ್ಬಾತಲ್ವಾ. ಏನು ಮಾಡಕ್ಕಾಗುತ್ತೆ? ಬರ್ಲಿ."

"ಬರ್ಲಿ ಅಂದ್ರೆ? ಸೋಮವಾರ?"

"ಸೋಮವಾರ ಹೋಗ್ತೀನಿ. ಟ್ಯಾಂಕ್ ಹತ್ತುತ್ತೀನಿ. ಇನ್ನೇನು, ಅದು ಓದ್ಕೊಂಡು ಕೂತಿರೋ ಹುಡುಗರ ಮುಂದೆ ನಿಂತು ನನ್ನ ಕೈ ನಡುಗುತ್ತೆ ಕಣ್ರಪ್ಪಾ ಅಂತ ಹೇಳೋಕಾಗುತ್ತಾ? ಬರೀ ಮುಖ ನೋಡಿ ಹೇಳೋದೇ ನನ್ನ ಕೈಲಿ ಆಗ್ತಿರ್ಲಿಲ್ಲ." ಎಲಿಶಾ ಎದ್ದ. "ಹಣೇಲಿ ಬರೆದಿತ್ತು ಅನ್ಕೋತೀನಿ. ನೀವು ಬೇಜಾರು ಮಾಡ್ಕೋಬೇಡಿ. ಅವಿತಾಲ್‌ಗೆ ನಾನೇ ಹೇಳ್ತೀನಿ."

ಮಾವನ ಮೇಲೆ ಕೂಗಾಡಿದ್ದರೆ ನಫ್ತಾಲಿ ತಡೆದುಕೊಳ್ಳುತ್ತಿದ್ದ. ವಾದಕ್ಕೆ ಅವನು ಯಾವತ್ತೂ ಸಿದ್ಧ. ಅಳಿಯ ಸಮಾಧಾನ ಹೇಳಿ ಮೆಟ್ಟಿಲಿಳಿದು ಹೋದದ್ದನ್ನು ತಡೆದುಕೊಳ್ಳಲಾಗಲಿಲ್ಲ.

ಅವನು ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದ. ಇದು ಜೀವದ ಪ್ರಶ್ನೆಯೇ? ಹಿಂದೆ ತಗೋ ಎಂಬ ಎರಡು ಪದ ಬಾಯಿಗೆ ಬಾರದ ಕಮಾಂಡರ್, ಒಳಗೆ ಮೂವರು ಹುಡುಗರು. ಜೀವದ ಪ್ರಶ್ನೆಯೇ ಹೌದು ಎನಿಸಿತು. ಮರುಕ್ಷಣವೇ, ನಿನಗೆ ಅನುಕೂಲವಾಗುವಂತೆ ಶಾಸ್ತ್ರ ಓದುತ್ತಿದ್ದೀಯ ಎಂದು ಇನ್ನೊಂದು ದನಿ ಚುಚ್ಚಿತು. ಗೆರೆ ಎಂದರೆ ಗೆರೆ, ಒಮ್ಮೆ ಅಳಿಸಿದರೆ ಮತ್ತೆ ಎಳೆಯಲಾಗದು ಎಂದು ಅವನೇ ಎಷ್ಟು ಸಲ ಬರೆದಿದ್ದ! ನಿಶ್ಚಯ ಯಾವ ಕಡೆಗೂ ಆಗಲಿಲ್ಲ. ಕಾಲು ಮಾತ್ರ ಇಳಿಯತೊಡಗಿತು.

ಓದುವ ಕೋಣೆಯಲ್ಲಿ ಡ್ರಾಯರು ಎಳೆದು ಫೋನು ಕೈಗೆತ್ತಿಕೊಂಡ. ಗುಂಡಿ ಒತ್ತಿದ. ಹಗಲ ಬೆಳಕಿನಲ್ಲೂ ಪರದೆಯ ಬೆಳಕು ಮುಖಕ್ಕೆ ರಾಚಿತು. ತಲೆಯೆತ್ತಿದರೆ ಬಾಗಿಲಲ್ಲಿ ಪೆನಿನಾ, ನಿದ್ದೆಗಣ್ಣು, ಹೆಗಲ ಮೇಲೆ ಶಾಲು. ಮದುವೆಯಾದಂದಿನಿಂದ ಈ ಮನೆಯಲ್ಲಿ ಅವಳು ಕಂಡಿರದ ನೋಟ. ಅವಳು ಫೋನನ್ನು ನೋಡಿದಳು, ಗಂಡನ ಮುಖವನ್ನು ನೋಡಿದಳು. ಹಿಂದೆ ಸರಿದು, ಮಗು ಏಳದಂತೆ, ಬಾಗಿಲನ್ನು ಹೊರಗಿನಿಂದ ಮೆಲ್ಲಗೆ ಮುಚ್ಚಿದಳು.

ಡ್ವೈಟ್ ಮೊದಲ ಗಂಟೆಗೇ ಎತ್ತಿದ. ಬೆಳಗಿನ ಕಾಫಿ ಹಿಡಿದು ವರಾಂಡದಲ್ಲಿ ಕೂತಿದ್ದಿರಬೇಕು, ಹಿಂದೆ ಹಕ್ಕಿಗಳ ಸದ್ದು ಕೇಳುತ್ತಿತ್ತು.

"ಬ್ರದರ್ ನಫ್ತಾಲಿ?" ಅವನ ದನಿ ಗಾಬರಿಯಿಂದ ಒಡೆಯಿತು. "ಇವತ್ತು ನಿಮ್ಮ ಸಬ್ಬತ್ ದಿನ ಅಲ್ವಾ! ದೇವರೇ. ಯಾರು ಹೋದ್ರು?"

"ಯಾರೂ ಹೋಗಿಲ್ಲ. ಅದಕ್ಕೇ ಫೋನ್ ಮಾಡಿದೆ. ಅಂಕಣ ತೆಗೆದುಬಿಡು ಡ್ವೈಟ್."

"ತೆಗೆಯೋದಾ? ಇತ್ತೀಚೆಗೆ ನೀವು ಬರೆದಿದ್ರಲ್ಲೇ ಒಳ್ಳೇದು! ರಾತ್ರಿ ನನ್ನ ಹೆಂಡತಿಗೆ ಓದಿ ಹೇಳ್ದೆ, ಅವಳು ಅತ್ತಳು. ಆ ಹುಡುಗನ ನಗು..."

"ಅದು ಸುಳ್ಳು."

ಡ್ವೈಟ್ ಕಾಫಿಯ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು.

"ಯಾವುದು ಸುಳ್ಳು? ಇರಾನಿಂದಾ?"

"ಇರಾನಿಂದು ನಿಜ. ವಾಷಿಂಗ್ಟನ್ನಿಂದೂ ನಿಜ. ಅದರಲ್ಲಿ ಒಂದಕ್ಷರ ವಾಪಸ್ ತಗೊಳ್ಳಲ್ಲ. ಹುಡುಗನದ್ದು ಸುಳ್ಳು. ಅವನು ದಣಿದಿದ್ದಾನೆ."

"ಹಾಗಾದ್ರೆ ಕೊನೇ ಪ್ಯಾರಾ ಕತ್ತರಿಸಿ ಮಿಕ್ಕಿದ್ದು ಹಾಕ್ಲಾ? ಶೀರ್ಷಿಕೆ ಹೇಗೂ ಜೋರಾಗಿದೆ."

ನಫ್ತಾಲಿ ಕಣ್ಣು ಮುಚ್ಚಿದ. ಪ್ರಲೋಭನೆ ಸಣ್ಣದಾಗಿರಲಿಲ್ಲ. "ಬೇಡ," ಎಂದ. "ದಣಿದವರೂ ಇದ್ದಾರೆ ಅಂತ ಇಟ್ಕೊಂಡು ಅದನ್ನ ಮತ್ತೆ ಬರೀಬೇಕು. ಬರೆಯೋಕೆ ಬಂದ್ರೆ ಕಳಿಸ್ತೀನಿ. ಈಗ ತೆಗಿ. ನಾನು ಫೋನ್ ಹಿಡ್ಕೊಂಡಿರ್ತೀನಿ, ತೆಗೆದೆ ಅಂತ ಹೇಳು."

ಕೀಲಿಮಣೆಯ ಸದ್ದು ಕೇಳಿಸಿತು. "ತೆಗೆದೆ," ಎಂದ ಡ್ವೈಟ್. ಆಮೇಲೆ ತಡವರಿಸುತ್ತ, "ಬ್ರದರ್, ಒಂದು ಮಾತು. ನಮ್ಮ ಚರ್ಚಲ್ಲಿ ನಾನು ನಿಮ್ಮ ಉದಾಹರಣೆ ಕೊಡ್ತಿರ್ತೀನಿ. ವಾರಕ್ಕೊಂದು ದಿನ ಅಮೆರಿಕದ ಅಧ್ಯಕ್ಷರೇ ಫೋನ್ ಮಾಡಿದ್ರೂ ಎತ್ತದ ಮನುಷ್ಯ ಜೆರುಸಲೇಮಲ್ಲಿದ್ದಾನೆ ಅಂತ."

"ಇನ್ಮೇಲೆ ಹೇಳ್ಬೇಡ," ಎಂದ ನಫ್ತಾಲಿ.

ಫೋನು ಆರಿಸುವುದೂ ಶಬ್ಬಾತನ್ನು ಮುರಿದಂತೆಯೇ. ಆರಿಸಲಿಲ್ಲ. ಹಾಗೆಯೇ ಡ್ರಾಯರಿನಲ್ಲಿಟ್ಟ. ಒಳಗೆ ಅದು ತನ್ನ ಪಾಡಿಗೆ ಗುರ್ರೆನ್ನುತ್ತಿತ್ತು, ಕದ್ದು ತಂದ ಪ್ರಾಣಿಯನ್ನು ಬಚ್ಚಿಟ್ಟಂತೆ. ಹೊರಗೆ ಬಂದಾಗ ಎಲಿಶಾ ಸೋಫಾದ ಮೇಲೆ ನೋಗಾಳಿಗೆ ಚಿತ್ರದ ಪುಸ್ತಕ ತೋರಿಸುತ್ತಿದ್ದ. ಅವನ ಕಣ್ಣು ಮುಚ್ಚಿದ ಬಾಗಿಲ ಮೇಲೆಯೇ ಇತ್ತು.

"ಬರಲ್ಲ," ಎಂದ ನಫ್ತಾಲಿ.

ಎಲಿಶಾ ಅರ್ಥವಾಗದವನಂತೆ ನೋಡಿದ. ಆಮೇಲೆ ಅರ್ಥವಾಯಿತು. ಅವನು ನಗಲಿಲ್ಲ. ಪುಸ್ತಕದ ಹಾಳೆ ತಿರುವಲು ಮರೆತು ಕೂತ. "ಮುಂದೆ, ಮುಂದೆ," ಎಂದು ಮಗು ಅವನ ತೋಳು ಎಳೆಯಿತು.

ಕತ್ತಲಾಯಿತು. ನೋಗಾ ಬಾಲ್ಕನಿಯಲ್ಲಿ ನಿಂತು ಮೂರು ನಕ್ಷತ್ರ ಹುಡುಕಿ, ವಿಮಾನವೊಂದನ್ನೂ ಸೇರಿಸಿ ಲೆಕ್ಕ ಪೂರೈಸಿ ಕೂಗಿದಳು. ಶಬ್ಬಾತನ್ನು ಬೀಳ್ಕೊಡುವ ಹವ್ದಾಲಾಕ್ಕೆ ಪೆನಿನಾ ತಟ್ಟೆಯ ಮೇಲೆ ಬೆಳ್ಳಿಯ ಬಟ್ಟಲಿಟ್ಟಳು, ಲವಂಗದ ಡಬ್ಬಿ ತಂದಳು, ಹೆಣೆದ ಮೇಣದಬತ್ತಿ ಹಚ್ಚಿ ಮಗುವಿನ ಕೈಗೆ ಕೊಟ್ಟಳು. ಎಲ್ಲರೂ ಸುತ್ತ ನಿಂತರು. ಬಟ್ಟಲು ಹಿಡಿದು, ಪವಿತ್ರಕ್ಕೂ ಸಾಧಾರಣಕ್ಕೂ ನಡುವೆ ಗೆರೆ ಎಳೆದ ದೇವರನ್ನು ಕೊಂಡಾಡುವುದು ಯಜಮಾನನ ಕೆಲಸ. ನಫ್ತಾಲಿ ಬಟ್ಟಲಿನತ್ತ ಕೈ ಚಾಚಿದ. ಕೈ ನಡುದಾರಿಯಲ್ಲಿ ನಿಂತಿತು.

"ಎಲಿಶಾ, ಇವತ್ತು ನೀನು ಹೇಳು."

"ಯಾಕಪ್ಪ, ಗಂಟಲು ಕೆಟ್ಟಿದೆಯಾ?" ಅವಿತಾಲ್ ಕೇಳಿದಳು.

"ಹೌದು, ಕೆಟ್ಟಿದೆ," ಎಂದಳು ಪೆನಿನಾ.

ಎಲಿಶಾ ಮಾವನನ್ನೊಮ್ಮೆ ನೋಡಿ ಬಟ್ಟಲು ತೆಗೆದುಕೊಂಡ. ಪೆನಿನಾ ದ್ರಾಕ್ಷಾರಸ ಬಗ್ಗಿಸಿದಳು. ಹವ್ದಾಲಾದ ಬಟ್ಟಲು ಅಂಚು ಮೀರಿ ತುಳುಕಬೇಕು, ಬರುವ ವಾರ ತುಂಬಿರಲಿ ಎಂದು. ಎಲಿಶಾನ ಕೈ ನಡುಗಿತು. ಕೆಂಪು ರಸ ಬೆರಳುಗಳ ಮೇಲೆ ಇಳಿದು ಮಣಿಕಟ್ಟಿನಿಂದ ತೊಟ್ಟಿಕ್ಕಿತು. ಒರೆಸಲು ಯಾರೂ ಮುಂದಾಗಲಿಲ್ಲ. ಮೊದಲು ತಗ್ಗಿದ್ದ ಅವನ ದನಿ ಒಂದೊಂದು ಸಾಲಿಗೂ ಸ್ವಲ್ಪ ಸ್ವಲ್ಪವೇ ಏರಿತು.

ರೂಢಿಯಂತೆ ಮೇಣದ ಬೆಳಕಿಗೆ ಎಲ್ಲರೂ ಉಗುರು ಒಡ್ಡಿ ನೋಡಿಕೊಂಡರು. ನಫ್ತಾಲಿ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಅಳಿಯನ ಕೈಯ ಕೆಳಗೆ ಹಿಡಿದಿದ್ದ. ಆಶೀರ್ವಾದ ಮುಗಿದು ನೋಗಾ ಬತ್ತಿಯನ್ನು ಚೆಲ್ಲಿದ ರಸದಲ್ಲಿ ಅದ್ದಿದಳು. ಚುಂಯ್ ಎಂದು ದೀಪ ಆರಿತು, ಕೋಣೆಯಲ್ಲಿ ಹೊಗೆಯ, ಲವಂಗದ ವಾಸನೆ ಉಳಿಯಿತು. ಇನ್ನು ಸ್ವಿಚ್ಚು ಹಾಕಬಹುದಿತ್ತು. ನಫ್ತಾಲಿ ತಟ್ಟೆ ಹಿಡಿದುಕೊಂಡೇ ಕತ್ತಲಲ್ಲಿ ನಿಂತಿದ್ದ. ಅಳಿಯನ ಕೈಯಿಂದ ಇನ್ನೂ ಒಂದೊಂದು ಹನಿ ಅದರೊಳಗೆ ಬೀಳುತ್ತಿತ್ತು.